ಮನೆ ಬಾಗಿಲು ಬಡಿದರೆ ವೋಟು ಬೀಳುತ್ತದಾ? ಅಮೆರಿಕದ ರಾಜಕೀಯದ ಬಗ್ಗೆ ಸಂಶೋಧಕರು ಏನು ಹೇಳುತ್ತಾರೆ?

ಹಾಸನದ ಹುಡುಗ (ಚರ್ಚೆ ಶುರು ಮಾಡಿದವರು)

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಯೊಂದಕ್ಕೆ ರಾತ್ರಿ ಪಾಳಿ ಕೆಲಸ ಮಾಡುವವನು. ನಮ್ಮ ಟೀಮಿನಲ್ಲಿ ಪೆನ್ಸಿಲ್ವೇನಿಯಾದವರೊಬ್ಬರು ಇದ್ದಾರೆ. ವಯಸ್ಸಾದವರು, ಮನೆಯಲ್ಲಿ ಅವರೂ ಒಂದು ನಾಯಿಯೂ ಅಷ್ಟೇ. 2024ರ ಅಕ್ಟೋಬರಿನಲ್ಲಿ ಒಂದೇ ಮೀಟಿಂಗ್ ನಡೆಯುವಾಗ ಅವರ ಮನೆ ಬೆಲ್ ಮೂರು ಸಲ ಹೊಡೆಯಿತು. ಮೂರು ಸಲವೂ ವೋಟು ಕೇಳುವವರೇ. ಮೂರನೇ ಸಲ ವಾಪಸ್ ಬಂದು ಕೂತವರು ನಕ್ಕರು. "ನಾನು ಯಾರಿಗೆ ಹಾಕುತ್ತೇನೆ ಅಂತ ಈ ನಾಯಿಗೂ ಗೊತ್ತು. ಇವರಿಗೆ ಮಾತ್ರ ಗೊತ್ತಿಲ್ಲ" ಎಂದರು.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. 2020ರ ಚುನಾವಣೆಗೆ ಅಲ್ಲಿ ಎಲ್ಲಾ ಸೇರಿ 1,400 ಕೋಟಿ ಡಾಲರ್ ಖರ್ಚಾಯಿತಂತೆ. ಟಿವಿ ಜಾಹೀರಾತು, ಟಪಾಲು, ಫೋನು, ಬಾಗಿಲು ಬಡಿಯುವುದು. ಇದರಿಂದ ಯಾರ ಮನಸ್ಸಾದರೂ ಬದಲಾಗುತ್ತದಾ? ಟಿವಿ ಚರ್ಚೆಯವರ ಮಾತು ಬೇಡ. ಇದನ್ನೇ ಕೂತು ಅಳೆದು ನೋಡಿದವರು ಇದ್ದಾರಲ್ಲ, ಅವರು ಏನು ಹೇಳುತ್ತಾರೆ? ಓದಿಕೊಂಡವರು ಸ್ವಲ್ಪ ಹೇಳಿ.

ಶಿವಮೊಗ್ಗ ಮೇಷ್ಟ್ರು

ಒಳ್ಳೆ ಪ್ರಶ್ನೆ ತಮ್ಮಾ. ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಾವು ಹುಡುಗರಿಗೆ ಹೇಳಿಕೊಟ್ಟಿದ್ದು ಸಂವಿಧಾನ, ಸೆನೆಟ್, ಅಧ್ಯಕ್ಷರ ವಿಟೋ ಅಧಿಕಾರ, ಇಷ್ಟೇ. ಅಲ್ಲಿನ ಮತದಾರ ಹೇಗೆ ಯೋಚಿಸುತ್ತಾನೆ ಅನ್ನುವುದು ಸಿಲೆಬಸ್ಸಿನಲ್ಲೇ ಇರಲಿಲ್ಲ. ನಿವೃತ್ತಿ ಆದ ಮೇಲೆ ಓದಲು ಕೂತಾಗಲೇ ನನಗೂ ಕಣ್ಣು ಬಿಟ್ಟಿದ್ದು.

ನಿಮ್ಮ ಪ್ರಶ್ನೆಗೆ ನೇರವಾಗಿ ಕೈ ಹಾಕಿದವರು ಜೋಶುವಾ ಕಾಲಾ, ಡೇವಿಡ್ ಬ್ರೂಕ್‌ಮನ್ ಅನ್ನುವ ಇಬ್ಬರು. ಊರೂರಲ್ಲಿ ನಿಜವಾದ ಮತದಾರರ ಮೇಲೆ ನಡೆದಿದ್ದ 49 ಪ್ರಯೋಗಗಳನ್ನು ಒಟ್ಟಿಗೆ ಹಾಕಿ 2018ರಲ್ಲಿ ಲೆಕ್ಕ ಕೊಟ್ಟರು. ಒಂದು ಗುಂಪಿನ ಮನೆಗಳಿಗೆ ಪ್ರಚಾರದವರು ಹೋಗುತ್ತಾರೆ, ಇನ್ನೊಂದು ಗುಂಪಿಗೆ ಹೋಗುವುದಿಲ್ಲ. ಯಾವ ಮನೆ ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ. ಆಮೇಲೆ ಎರಡೂ ಗುಂಪನ್ನು ಹೋಲಿಸುತ್ತಾರೆ. ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಬಾಗಿಲು, ಟಪಾಲು, ಫೋನು ಇವು ಜನರ ಆಯ್ಕೆಯನ್ನು ಎಷ್ಟು ಬದಲಿಸುತ್ತವೆ? ಅವರಿಗೆ ಸಿಕ್ಕ ಸರಾಸರಿ ಉತ್ತರ: ಸೊನ್ನೆ.

ಹಾಗಂತ ಪ್ರಚಾರದವರೆಲ್ಲ ದಡ್ಡರು ಅಂದುಕೊಳ್ಳಬೇಡಿ. ಮನಸ್ಸು ಬದಲಿಸುವುದು ಬೇರೆ, ಬೂತಿಗೆ ಕರೆತರುವುದು ಬೇರೆ. ಎರಡನೆಯದು ಸಾಧ್ಯ ಅಂತ 1998ರಲ್ಲೇ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ತೋರಿಸಿದ್ದರು. ನ್ಯೂ ಹೇವನ್ ಊರಿನ ಸುಮಾರು 30 ಸಾವಿರ ಮತದಾರರನ್ನು ಹೀಗೇ ಗುಂಪು ಮಾಡಿದರು. ಮನೆಗೆ ಹೋಗಿ ಮುಖ ನೋಡಿ ಮಾತಾಡಿಸಿದವರಲ್ಲಿ ಮತದಾನ ಚೆನ್ನಾಗಿಯೇ ಏರಿತು. ಟಪಾಲಿನಿಂದ ಚೂರುಪಾರು. ದುಡ್ಡು ಕೊಟ್ಟು ಮಾಡಿಸಿದ ಫೋನ್ ಕರೆಗಳಿಂದ ಏನೂ ಆಗಲಿಲ್ಲ.

ಮಿಶಿಗನ್ ಅಕ್ಕ

ಮೇಷ್ಟ್ರೇ, ಟಪಾಲು ಚೂರುಪಾರು ಅಂದಿರಲ್ಲ, ಅದಕ್ಕೆ ನಮ್ಮ ಮಿಶಿಗನ್ನಿನದೇ ಒಂದು ಕಥೆ ಇದೆ. ನಾನು ಇಲ್ಲಿಗೆ ಬಂದು 22 ವರ್ಷ. ವೋಟಿನ ಹಕ್ಕು ಸಿಕ್ಕಿದ್ದು ಆಮೇಲೆ.

ಮೊದಲು ಒಂದು ವಿಷಯ. ಇಲ್ಲಿ ನೀವು ಯಾರಿಗೆ ವೋಟು ಹಾಕಿದಿರಿ ಅನ್ನುವುದು ಗುಟ್ಟು. ಆದರೆ ವೋಟು ಹಾಕಿದಿರೋ ಇಲ್ಲವೋ ಅನ್ನುವುದು ಗುಟ್ಟಲ್ಲ. ಅದು ಸರ್ಕಾರಿ ದಾಖಲೆ, ಪಕ್ಷದವರ ಕೈಗೂ ಸಿಗುತ್ತದೆ. ಊರಿನವರಿಗೆ ಹೇಳಿದರೆ ಯಾರೂ ನಂಬುವುದಿಲ್ಲ.

2006ರ ಆಗಸ್ಟ್ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ, ಮುಂಚೆ ಅದೇ ಗರ್ಬರ್, ಗ್ರೀನ್ ಜೊತೆಗೆ ಕ್ರಿಸ್ಟೋಫರ್ ಲಾರಿಮರ್ ಸೇರಿ ಮಿಶಿಗನ್ನಿನ 1 ಲಕ್ಷ 80 ಸಾವಿರ ಮನೆಗಳನ್ನು ಆರಿಸಿಕೊಂಡರು. ಸುಮಾರು 1 ಲಕ್ಷ ಮನೆಗೆ ಏನೂ ಕಳಿಸಲಿಲ್ಲ. ಉಳಿದವಕ್ಕೆ ನಾಲ್ಕು ಬಗೆಯ ಕಾಗದ. ಒಂದರಲ್ಲಿ "ವೋಟು ಹಾಕುವುದು ನಿಮ್ಮ ಕರ್ತವ್ಯ" ಎಂಬ ಉಪದೇಶ. ಇನ್ನೊಂದರಲ್ಲಿ "ನಿಮ್ಮನ್ನು ಗಮನಿಸುತ್ತಿದ್ದೇವೆ" ಎಂಬ ಮಾತು. ಮೂರನೆಯದರಲ್ಲಿ ನಿಮ್ಮ ಮನೆಯವರು ಹಿಂದಿನ ಸಲ ವೋಟು ಹಾಕಿದ್ದರಾ ಎಂಬ ಪಟ್ಟಿ. ನಾಲ್ಕನೆಯದೇ ಖತರ್ನಾಕ್. ಅದರಲ್ಲಿ ಅಕ್ಕಪಕ್ಕದ ಮನೆಯವರ ಹೆಸರೂ ಇತ್ತು. 2004ರಲ್ಲಿ ಯಾರು ಹಾಕಿದ್ದರು, ಯಾರು ಹಾಕಿರಲಿಲ್ಲ, ಎಲ್ಲಾ. 2006ರ ಕಾಲಂ ಖಾಲಿ ಬಿಟ್ಟು, ಚುನಾವಣೆ ಮುಗಿದ ಮೇಲೆ ಭರ್ತಿ ಮಾಡಿ ಮತ್ತೆ ಕಳಿಸುತ್ತೇವೆ ಎಂದು ಬರೆದಿದ್ದರು.

ಏನೂ ಬರದ ಮನೆಗಳಲ್ಲಿ ವೋಟು ಹಾಕಿದವರು ಶೇ. 29.7. ಕರ್ತವ್ಯದ ಉಪದೇಶ ಬಂದವರಲ್ಲಿ ಶೇ. 31.5. ಪಕ್ಕದ ಮನೆಯವರ ಪಟ್ಟಿ ಬಂದವರಲ್ಲಿ ಶೇ. 37.8! ಒಂದು ಕಾಗದಕ್ಕೆ ಎಂಟು ಅಂಶದ ಏರಿಕೆ.

ಆಮೇಲೆ ಈ ತರದ ಕಾಗದ ಇಲ್ಲಿ ಮಾಮೂಲಾಯಿತು. ನಮ್ಮ ಮನೆಗೂ ಒಂದು ಸಲ ಬಂದಿತ್ತು. ನಮ್ಮ ಯಜಮಾನರ ಹೆಸರಿನ ಮುಂದೆ "ಹಾಕಿಲ್ಲ" ಎಂದಿತ್ತು. ಆ ಮನುಷ್ಯ ಅದನ್ನು ಮಕ್ಕಳಿಗೆ ಕಾಣದ ಹಾಗೆ ಹಳೇ ಪೇಪರಿನ ಕಟ್ಟಿನ ಅಡಿಗೆ ತುರುಕಿದ್ದರು. ಮುಂದಿನ ಸಲ ನನಗಿಂತ ಮುಂಚೆ ಹೋಗಿ ಹಾಕಿ ಬಂದರು.

ಮಂಗಳೂರು ಮಾರಾಯ

ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ ನಮ್ಮೂರಲ್ಲಿ ಮಾತ್ರ ಅಂದುಕೊಂಡಿದ್ದೆ ಮಾರಾಯ್ರೆ. ಅಮೆರಿಕದಲ್ಲೂ ಉಂಟು ಅಂತ ಗೊತ್ತಾಗಿ ಸಮಾಧಾನ ಆಯಿತು.

ಹಾಸನದ ಹುಡುಗ

ಅಕ್ಕ, ಸೂಪರ್. ಆದರೆ ಮೇಷ್ಟ್ರು ಹೇಳಿದ ಆ ಸೊನ್ನೆ ನನಗಿನ್ನೂ ಅರಗುತ್ತಿಲ್ಲ. ಯಾಕೆ ಯಾರ ಮನಸ್ಸೂ ಅಲ್ಲಾಡುವುದಿಲ್ಲ? ಅಲ್ಲಿ ಪಾರ್ಟಿಗೆ ಸೇರದ "ಇಂಡಿಪೆಂಡೆಂಟ್" ಜನ ಎಷ್ಟೊಂದು ಇದ್ದಾರೆ ಅಂತಾರಲ್ಲ?

ಶಿವಮೊಗ್ಗ ಮೇಷ್ಟ್ರು

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಿಶಿಗನ್ ವಿಶ್ವವಿದ್ಯಾಲಯದವರು 1948ರಿಂದ ಅಮೆರಿಕದ ಮತದಾರರನ್ನು ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಅಲ್ಲಿನ ನಾಲ್ವರು 1960ರಲ್ಲಿ ಒಂದು ಮಾತು ಮುಂದಿಟ್ಟರು. ಬಹಳ ಜನಕ್ಕೆ ಪಕ್ಷ ಅನ್ನುವುದು ನೀತಿ ನೋಡಿ ಆರಿಸಿಕೊಂಡದ್ದಲ್ಲ, ಅಪ್ಪ ಅಮ್ಮನಿಂದ ಬಂದದ್ದು. ಧರ್ಮ ಬಂದ ಹಾಗೆ. ಮೊದಲು ಪಕ್ಷ, ಆಮೇಲೆ ಅಭಿಪ್ರಾಯ. ಆ ನಾಲ್ವರಲ್ಲಿ ಒಬ್ಬರಾದ ಫಿಲಿಪ್ ಕಾನ್ವರ್ಸ್ 1964ರಲ್ಲಿ ಇನ್ನೂ ಮುಂದಕ್ಕೆ ಹೋದರು. ಒಬ್ಬರನ್ನೇ ಎರಡು ವರ್ಷ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ತುಂಬಾ ಜನರ ಉತ್ತರ ಬೇರೆಯೇ ಆಗಿರುತ್ತಿತ್ತು. ಮನಸ್ಸು ಬದಲಾಗಿ ಅಲ್ಲ, ಮೊದಲ ಸಲವೂ ಗಟ್ಟಿ ಅಭಿಪ್ರಾಯ ಇರಲಿಲ್ಲ. ಎಡ, ಬಲ ಎಂಬ ಸಿದ್ಧಾಂತದ ಚೌಕಟ್ಟಿನಲ್ಲಿ ಯೋಚಿಸುವವರು ನೂರಕ್ಕೆ ಕೆಲವರು ಮಾತ್ರ.

ಇನ್ನು ಇಂಡಿಪೆಂಡೆಂಟ್ ವಿಷಯ. ಕೇಳಿದಾಗ ನೂರಕ್ಕೆ ನಲವತ್ತರಷ್ಟು ಜನ "ನಾನು ಯಾವ ಪಕ್ಷವೂ ಅಲ್ಲ" ಅನ್ನುತ್ತಾರೆ, ನಿಜ. "ಸರಿ, ಆದರೂ ಯಾವ ಕಡೆ ಸ್ವಲ್ಪ ವಾಲುತ್ತೀರಿ?" ಎಂದು ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಹೆಚ್ಚಿನವರು ಒಂದು ಕಡೆ ಹೇಳಿಬಿಡುತ್ತಾರೆ. ವೋಟು ಹಾಕುವಾಗ ಅವರಿಗೂ ಪಕ್ಕಾ ಪಕ್ಷದವರಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ನಿಜಕ್ಕೂ ಯಾವ ಕಡೆಯೂ ಇಲ್ಲದವರು ಹತ್ತರಲ್ಲಿ ಒಬ್ಬರು. ಅವರಲ್ಲೂ ಅನೇಕರು ಬೂತಿನ ಕಡೆಗೇ ಹೋಗುವುದಿಲ್ಲ.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘ ಒಂದು ಸಮಿತಿ ಮಾಡಿತ್ತು. ನಮ್ಮ ಎರಡು ಪಕ್ಷಗಳೂ ಒಂದೇ ತರ ಇವೆ, ಜನಕ್ಕೆ ಆಯ್ಕೆಯೇ ಇಲ್ಲ, ಪಕ್ಷಗಳು ಒಗ್ಗಟ್ಟಾಗಿ ಬೇರೆ ಬೇರೆ ನಿಲುವು ತಳೆಯಬೇಕು ಎಂಬುದು ಆ ಸಮಿತಿಯ ದೂರು. ಕೇಳಿದ ವರ ಸಿಕ್ಕಿತು ನೋಡಿ! ಕರಿಯರ ವಿರುದ್ಧದ ಭೇದಭಾವ ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸೆನೆಟ್ಟಿನಲ್ಲಿ ಡೆಮಾಕ್ರಟರು 46 ಜನ ಪರ, 21 ಜನ ವಿರೋಧ. ರಿಪಬ್ಲಿಕನ್ನರು 27 ಪರ, 6 ವಿರೋಧ. ಎರಡೂ ಪಕ್ಷ ಒಳಗೇ ಒಡೆದಿದ್ದವು. ದಕ್ಷಿಣದ ಬಿಳಿಯ ಡೆಮಾಕ್ರಟರೇ ಅಡ್ಡ ನಿಂತವರು. ಆ ಕಾಯ್ದೆಯ ನಂತರ ದಕ್ಷಿಣದ ಬಿಳಿಯರು ನಿಧಾನಕ್ಕೆ ರಿಪಬ್ಲಿಕನ್ ಕಡೆ ಹೋದರು, ಪಕ್ಷಗಳು ಒಳಗೊಳಗೇ ಸೋಸಿಹೋಗಿ ಒಂದೊಂದರಲ್ಲಿ ಹೆಚ್ಚಾಗಿ ಒಂದೇ ನಿಲುವಿನವರು ಉಳಿದರು. 2010ರಲ್ಲಿ ಒಬಾಮಾ ಅವರ ಆರೋಗ್ಯ ಕಾಯ್ದೆ ಬಂದಾಗ ಒಬ್ಬನೇ ಒಬ್ಬ ರಿಪಬ್ಲಿಕನ್ ಪರವಾಗಿ ಹಾಕಲಿಲ್ಲ.

ಕೀತ್ ಪೂಲ್, ಹೊವರ್ಡ್ ರೋಸೆಂಥಾಲ್ ಎಂಬ ಇಬ್ಬರು 1789ರಿಂದ ಈಚೆಗೆ ಕಾಂಗ್ರೆಸ್ಸಿನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ, ಯಾರು ಯಾವ ಕಡೆ ಹಾಕಿದರು ಎಂದು ದಾಖಲಾದ ವೋಟುಗಳನ್ನೆಲ್ಲ ಇಟ್ಟುಕೊಂಡು ಪ್ರತಿ ಸದಸ್ಯನಿಗೂ ಎಡದಿಂದ ಬಲಕ್ಕೆ ಒಂದು ಜಾಗ ಗುರುತಿಸಿದರು. 1970ರ ದಶಕದ ಶುರುವಿನಲ್ಲಿ ನಡುವೆ ಎರಡೂ ಪಕ್ಷದವರು ಬೆರೆತು ಕೂತಿದ್ದರು. ಈಗ 20 ವರ್ಷಕ್ಕೂ ಜಾಸ್ತಿ ಆಯಿತು, ಅತಿ ಬಲಕ್ಕಿರುವ ಡೆಮಾಕ್ರಟ್ ಕೂಡ ಅತಿ ಎಡಕ್ಕಿರುವ ರಿಪಬ್ಲಿಕನ್‌ಗಿಂತ ಎಡಕ್ಕೇ ಇದ್ದಾನೆ.

ಕಾಂಗ್ರೆಸ್ಸಿನವರ ಮಾತು ಇರಲಿ, ಮನೆಯೊಳಗೇ ಬನ್ನಿ. ನಿಮ್ಮ ಮಗನೋ ಮಗಳೋ ಇನ್ನೊಂದು ಪಕ್ಷದವರನ್ನು ಮದುವೆಯಾದರೆ ಬೇಸರ ಆಗುತ್ತದಾ ಎಂದು 1960ರಲ್ಲಿ ಕೇಳಿದ್ದರು. ರಿಪಬ್ಲಿಕನ್ನರಲ್ಲಿ ನೂರಕ್ಕೆ 5 ಜನ, ಡೆಮಾಕ್ರಟರಲ್ಲಿ 4 ಜನ ಹೌದು ಅಂದಿದ್ದರು. 2010ರಲ್ಲಿ ಅದೇ ಬಗೆಯ ಪ್ರಶ್ನೆಗೆ ಹೌದು ಅಂದವರು ರಿಪಬ್ಲಿಕನ್ನರಲ್ಲಿ 49, ಡೆಮಾಕ್ರಟರಲ್ಲಿ 33. ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದವರು ಸ್ಟ್ಯಾನ್‌ಫರ್ಡ್‌ನ ಶಾಂತೋ ಅಯ್ಯಂಗಾರ್ ಮತ್ತು ಅವರ ಜೊತೆಗಾರರು. ನೀತಿಯಲ್ಲಿ ಭಿನ್ನಾಭಿಪ್ರಾಯ ಬೇರೆ, ಆ ಕಡೆಯವರನ್ನು ಕಂಡರೇ ಆಗದಿರುವುದು ಬೇರೆ. ಈಗ ಎರಡನೆಯದೇ ಬೆಳೆದಿದೆ ಅನ್ನುವುದು ಅವರ ವಾದ.

ಮಂಗಳೂರು ಮಾರಾಯ

ಅಯ್ಯಂಗಾರ್ ಅಂದರೆ ಬೇಕರಿ ಅಂತ ಮಾತ್ರ ಗೊತ್ತಿತ್ತು ನನಗೆ.

ಆದರೆ ಮೇಷ್ಟ್ರೇ, ಇದು ನಮ್ಮ ಜಾತಿ ಲೆಕ್ಕವೇ ಆಯಿತಲ್ಲ? ಹುಡುಗ ಒಳ್ಳೆಯವ, ಸಂಬಳ ಉಂಟು, ಎಲ್ಲ ಸರಿ, ಆದರೆ...

ಶಿವಮೊಗ್ಗ ಮೇಷ್ಟ್ರು

ಪೂರ್ತಿ ಅಲ್ಲ. ಜಾತಿ ಬಿಡಲು ಆಗುವುದಿಲ್ಲ, ಪಕ್ಷ ಬಿಡಬಹುದು. ಆದರೆ ಆ "ಆದರೆ" ಇದೆಯಲ್ಲ, ಅದು ಒಂದೇ.

ಅಂಕಿಸಂಖ್ಯೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ದ್ವೇಷದ ಹಿಂದೆ ತಪ್ಪು ಕಲ್ಪನೆಯೂ ಇದೆ. ಡಗ್ಲಸ್ ಏಲರ್, ಗೌರವ್ ಸೂದ್ 2018ರಲ್ಲಿ ಜನರನ್ನು ಕೇಳಿದರು: ಡೆಮಾಕ್ರಟರಲ್ಲಿ ಸಲಿಂಗಿಗಳು ಮತ್ತು ಆ ಸಮುದಾಯದವರು ಎಷ್ಟು ಪಾಲು ಇರಬಹುದು? ಸರಾಸರಿ ಉತ್ತರ ನೂರಕ್ಕೆ 32. ನಿಜ ಸಂಖ್ಯೆ 6. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುವವರು ಎಷ್ಟು? ಜನ ಹೇಳಿದ್ದು 38. ನಿಜ 2.

ಇನ್ನೂ ವಿಚಿತ್ರ ಅಂದರೆ ರಾಜಕೀಯ ಸುದ್ದಿಯಲ್ಲಿ ಜಾಸ್ತಿ ಆಸಕ್ತಿ ಇರುವವರ ಅಂದಾಜೇ ಜಾಸ್ತಿ ತಪ್ಪಿತ್ತು. ಸುದ್ದಿ ನೋಡಿದಷ್ಟೂ ತಿಳಿವಳಿಕೆ ಬೆಳೆಯುತ್ತದೆ ಅನ್ನುವ ನಂಬಿಕೆ ನನಗಿತ್ತು. ಅದು ಅಲ್ಲಿಗೆ ಹೋಯಿತು.

ಮಿಶಿಗನ್ ಅಕ್ಕ

ನಮ್ಮವರ ಬಗ್ಗೆಯೂ ಒಂದು ಮಾತು. ಇಲ್ಲಿನ ಭಾರತೀಯರು ಕಣ್ಣು ಮುಚ್ಚಿ ಡೆಮಾಕ್ರಟರಿಗೇ ಹಾಕುತ್ತಾರೆ ಅನ್ನುವ ಮಾತಿತ್ತು. ಕಾರ್ನೆಗಿ ಸಂಸ್ಥೆಯ ಮಿಲನ್ ವೈಷ್ಣವ್, ಸುಮಿತ್ರಾ ಬದರೀನಾಥನ್, ದೇವೇಶ್ ಕಪೂರ್ ಸೇರಿ ಭಾರತೀಯ ಅಮೆರಿಕನ್ನರ ಸಮೀಕ್ಷೆ ಮಾಡಿದ್ದರು. 2020ರಲ್ಲಿ ನೂರಕ್ಕೆ 72 ಜನ ಬೈಡನ್‌ಗೆ ಅಂದಿದ್ದರು, 22 ಜನ ಟ್ರಂಪ್‌ಗೆ. 2024ರಲ್ಲಿ ಕಮಲಾ ಹ್ಯಾರಿಸ್‌ಗೆ 61, ಟ್ರಂಪ್‌ಗೆ 32. ಅಮ್ಮ ಚೆನ್ನೈಯವರು ಅನ್ನುವುದು ವೋಟಾಗಲಿಲ್ಲ. ಗಂಡಸರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ವಾಲಿಕೆ ಜಾಸ್ತಿ ಕಂಡಿತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತರೆ ಸಮೀಕ್ಷೆಯೇ ಬೇಡ. ಅಪ್ಪ ಒಂದು ಪಕ್ಷ, ಮಗ ಒಂದು ಪಕ್ಷ, ಅಮ್ಮ ಬಿಸಿಬೇಳೆಬಾತ್ ಬಡಿಸುತ್ತಾ ಇಬ್ಬರನ್ನೂ ಸುಮ್ಮನಿರಿಸುವ ಪಕ್ಷ.

ಮಂಗಳೂರು ಮಾರಾಯ

ಎಲ್ಲ ಸರಿ. ಆದರೆ ಅಲ್ಲಿ ದುಡ್ಡೇ ದೊಡ್ಡಪ್ಪ ಅಲ್ವಾ? ಯಾರ ಹತ್ತಿರ ಡಾಲರ್ ಉಂಟೋ ಅವರು ಗೆಲ್ಲುತ್ತಾರೆ. ಇದಕ್ಕೆ ಸಂಶೋಧನೆ ಯಾಕೆ ಬೇಕು?

ಬೆಳಗಾವಿ ಕುಂದಾ

ಹಂಗೇನಿಲ್ರಿ. ಮೈಕಲ್ ಬ್ಲೂಮ್‌ಬರ್ಗ್ 2020ರ ಪ್ರೈಮರಿಯಲ್ಲಿ ಸ್ವಂತ ದುಡ್ಡು ಸುಮಾರು 100 ಕೋಟಿ ಡಾಲರ್ ಸುರಿದರು. ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪಸಮೂಹ ಒಂದನ್ನೇ.

ನಮ್ಮ ಕಡೆಯವರದೇ ಇನ್ನೊಂದು ಉದಾಹರಣೆ ಕೇಳ್ರಿ. ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. 2018ರಲ್ಲಿ ಮಿಶಿಗನ್ ಗವರ್ನರ್ ಆಗಬೇಕೆಂದು ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಸ್ವಂತ ದುಡ್ಡು 1 ಕೋಟಿ ಡಾಲರಿಗೂ ಜಾಸ್ತಿ ಹಾಕಿದರು. ಮೂವರಲ್ಲಿ ಮೂರನೆಯವರಾದರು. ಗ್ರೆಚೆನ್ ವಿಟ್ಮರ್ ಗೆದ್ದರು. ಆದರೆ 2022ರಲ್ಲಿ ಡೆಟ್ರಾಯಿಟ್ ಕಡೆಯ ಕ್ಷೇತ್ರದಲ್ಲಿ ಒಂಬತ್ತು ಜನ ಇದ್ದ ಪ್ರೈಮರಿಗೆ ನಿಂತು ನೂರಕ್ಕೆ 28ರಷ್ಟು ವೋಟಿನಲ್ಲೇ ಗೆದ್ದು ಕಾಂಗ್ರೆಸ್ ಸದಸ್ಯರಾದರು. ಆಗಲೂ ಸ್ವಂತ ದುಡ್ಡೇ.

ಅಂಕಿಸಂಖ್ಯೆ

ಕುಂದಾ ಅವರ ಉದಾಹರಣೆ ಚೆನ್ನಾಗಿದೆ, ಅದರಲ್ಲೇ ಉತ್ತರ ಇದೆ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು. ಪಕ್ಷದ ಹೆಸರು ನೋಡಿ ವೋಟು ಹಾಕಲು ಆಗುವುದಿಲ್ಲ. ಹೆಸರೇ ಕೇಳದವರು ಒಂಬತ್ತು ಜನ ನಿಂತಾಗ ದುಡ್ಡು ಹೆಸರನ್ನು ಮನೆಗೆ ತಲುಪಿಸುತ್ತದೆ. ಕಾಲಾ, ಬ್ರೂಕ್‌ಮನ್ ಲೆಕ್ಕದಲ್ಲೂ ಸೊನ್ನೆ ಬಂದದ್ದು ಸಾರ್ವತ್ರಿಕ ಚುನಾವಣೆಗೆ. ಪ್ರೈಮರಿಯಲ್ಲಿ ಪ್ರಚಾರದ ಪರಿಣಾಮ ಕಂಡಿತ್ತು.

ದುಡ್ಡು ಕೆಲಸ ಮಾಡುವ ನಿಜವಾದ ಜಾಗ ಬೇರೆ ಅಂತ ನನಗನ್ನಿಸುತ್ತದೆ. ಅದೇ ಇಬ್ಬರದು ಇನ್ನೊಂದು ಪ್ರಯೋಗ ಇದೆ. ಒಂದು ಸಂಘಟನೆ ಕಾಂಗ್ರೆಸ್ಸಿನ 191 ಸದಸ್ಯರ ಕಚೇರಿಗಳಿಗೆ ಭೇಟಿ ಕೇಳಿ ಪತ್ರ ಬರೆಯಿತು. ಪತ್ರ ಒಂದೇ. ಕೆಲವು ಕಚೇರಿಗೆ "ನಿಮ್ಮ ಕ್ಷೇತ್ರದ ಜನ ಬರುತ್ತಾರೆ" ಎಂದಿತ್ತು, ಕೆಲವಕ್ಕೆ "ಚುನಾವಣೆಗೆ ದೇಣಿಗೆ ಕೊಟ್ಟವರು ಬರುತ್ತಾರೆ" ಎಂದಿತ್ತು. ಬರುವವರು ನಿಜಕ್ಕೂ ಎರಡೂ ಆಗಿದ್ದರು, ಅದರಲ್ಲಿ ಮೋಸ ಇಲ್ಲ. ದೇಣಿಗೆಯ ಮಾತು ಇದ್ದ ಕಡೆ ಸದಸ್ಯರೋ ಮೇಲಿನ ಅಧಿಕಾರಿಗಳೋ ಸಿಕ್ಕಿದ್ದು ಮೂರರಿಂದ ನಾಲ್ಕು ಪಟ್ಟು ಜಾಸ್ತಿ. ಉಳಿದವರಿಗೆ ಕೆಳಗಿನ ಹುಡುಗರ ಜೊತೆ ಮಾತು. ತಾಲ್ಲೂಕು ಕಚೇರಿಯಲ್ಲಿ ಬೆಂಚಿನ ಮೇಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸನದ ಹುಡುಗ

ಶ್ರೀಮಂತರು ಹೇಳಿದ್ದೇ ಕಾನೂನಾಗುತ್ತದೆ ಅಂತ ಒಂದು ದೊಡ್ಡ ಅಧ್ಯಯನ ಇದೆ ಅಂತ ಎಲ್ಲೋ ಓದಿದ್ದೆ. ನಿಜವಾ?

ಅಂಕಿಸಂಖ್ಯೆ

ಇದೆ. ಮಾರ್ಟಿನ್ ಗಿಲೆನ್ಸ್, ಬೆಂಜಮಿನ್ ಪೇಜ್, 2014. 1981ರಿಂದ 2002ರ ನಡುವಿನ 1,779 ನೀತಿ ಪ್ರಶ್ನೆಗಳನ್ನು ತೆಗೆದುಕೊಂಡರು. ಯಾವ ವರ್ಗ ಏನು ಬಯಸಿತು, ಕೊನೆಗೆ ಏನಾಯಿತು ಎಂದು ತಾಳೆ ನೋಡಿದರು. ಶ್ರೀಮಂತರ ಇಷ್ಟವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಮಧ್ಯಮ ವರ್ಗದವರ ಇಷ್ಟಕ್ಕೆ ಹೆಚ್ಚು ಕಡಿಮೆ ಯಾವ ಬೆಲೆಯೂ ಉಳಿಯಲಿಲ್ಲ. ಪತ್ರಿಕೆಗಳು "ಅಮೆರಿಕ ಪ್ರಜಾಪ್ರಭುತ್ವವೇ ಅಲ್ಲ" ಎಂದು ಹಾಕಿಕೊಂಡವು.

ಆಮೇಲೆ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಬಿಚ್ಚಿ ನೋಡಿದರು. ಶ್ರೀಮಂತರೂ ಮಧ್ಯಮ ವರ್ಗದವರೂ ಸುಮಾರು ನೂರಕ್ಕೆ 90 ವಿಷಯದಲ್ಲಿ ಒಂದೇ ಕಡೆ ಇದ್ದರು! ಜಗಳ ಇದ್ದದ್ದು 185 ವಿಷಯದಲ್ಲಿ. ಅದರಲ್ಲಿ ಶ್ರೀಮಂತರು ಗೆದ್ದದ್ದು ನೂರಕ್ಕೆ 53. ಅಂದರೆ ನಾಣ್ಯ ಚಿಮ್ಮಿಸಿದ್ದಕ್ಕಿಂತ ಸ್ವಲ್ಪ ಮೇಲೆ. ಗಿಲೆನ್ಸ್ ಕಡೆಯವರು ಇದನ್ನು ಒಪ್ಪಲಿಲ್ಲ. ವಾದ ಇನ್ನೂ ನಡೆಯುತ್ತಿದೆ. ಬಡವರ ಮಾತು ಮಾತ್ರ ಯಾರ ಲೆಕ್ಕದಲ್ಲೂ ಮೇಲೆ ಬಂದಿಲ್ಲ.

ಮಂಗಳೂರು ಮಾರಾಯ

ನೋಡಿ, ಇದಕ್ಕೇ ನನಗೆ ಈ ಸಂಶೋಧಕರ ಮೇಲೆ ಸಿಟ್ಟು. ಬೆಳಿಗ್ಗೆ ಒಂದು ಹೇಳುತ್ತಾರೆ, ಸಂಜೆ ಇನ್ನೊಬ್ಬ ಬಂದು ಅದು ತಪ್ಪು ಅನ್ನುತ್ತಾನೆ. ಶಾರ್ಕ್ ಮೀನು ಕಚ್ಚಿದ್ದಕ್ಕೆ ಅಧ್ಯಕ್ಷರಿಗೆ ವೋಟು ಕಡಿಮೆ ಆಯಿತು ಅಂತಲೂ ಒಬ್ಬರು ಬರೆದಿದ್ದಾರಂತೆ. ಸಮುದ್ರದ ಪಕ್ಕ ಇರುವವರು ನಾವು, ನಮಗೆ ಹೇಳಬೇಡಿ.

ಅಂಕಿಸಂಖ್ಯೆ

ಹ್ಹಹ್ಹ, ಮಾರಾಯ್ರೆ, ಶಾರ್ಕ್ ಕಥೆಗೇ ಕಾಯುತ್ತಿದ್ದೆ.

1916ರ ಜುಲೈ. ನ್ಯೂಜೆರ್ಸಿ ಕರಾವಳಿಯಲ್ಲಿ ಹನ್ನೆರಡು ದಿನದೊಳಗೆ ನಾಲ್ವರು ಶಾರ್ಕಿಗೆ ಬಲಿಯಾದರು. ಬೇಸಿಗೆ ಪ್ರವಾಸಿಗಳು ಓಡಿಹೋದರು, ಹೋಟೆಲುಗಳು ಖಾಲಿ. ಆಗ ವುಡ್ರೋ ವಿಲ್ಸನ್ ಅಧ್ಯಕ್ಷರು. ನವೆಂಬರಿನಲ್ಲಿ ಮತ್ತೆ ನಿಂತಿದ್ದರು. ಕಡಲ ತೀರದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಅವರ ವೋಟು ಸುಮಾರು ಮೂರು ಅಂಶ ಕುಸಿಯಿತು ಅಂತ ಕ್ರಿಸ್ಟೋಫರ್ ಏಕನ್, ಲ್ಯಾರಿ ಬಾರ್ಟೆಲ್ಸ್ ತೋರಿಸಿದರು. ವಾದ ಏನೆಂದರೆ, ಜನ ತಮಗೆ ಆದ ನೋವಿಗೆ ಆಳುವವನನ್ನು ಹೊಡೆಯುತ್ತಾರೆ, ಅವನ ತಪ್ಪು ಇರಲಿ ಬಿಡಲಿ. ಶಾರ್ಕಿಗೆ ವಿಲ್ಸನ್ ಏನು ಮಾಡಲು ಆಗುತ್ತಿತ್ತು ಹೇಳಿ?

ಈ ಕಥೆ ಎಲ್ಲಾ ತರಗತಿಗಳಲ್ಲೂ ಓಡಾಡಿತು. ಹೇಳಲು ಚೆನ್ನಾಗಿದೆ, ಅದೇ ಅದರ ಅಪಾಯ. 2018ರಲ್ಲಿ ಆಂಥನಿ ಫೌಲರ್, ಆಂಡ್ರ್ಯೂ ಹಾಲ್ ಒಂದು ಸಾದಾ ಪ್ರಶ್ನೆ ಕೇಳಿದರು. ಒಂದೇ ವರ್ಷ ಯಾಕೆ? ಜೀವ ತೆಗೆದ ಎಲ್ಲಾ ಶಾರ್ಕ್ ದಾಳಿಗಳನ್ನೂ ನೋಡೋಣ. 1872ರಿಂದ 2012ರವರೆಗಿನ ಅಧ್ಯಕ್ಷೀಯ ಚುನಾವಣೆಗಳ ಜೊತೆ ಇಟ್ಟು ನೋಡಿದರೆ ಅಂಥ ಪರಿಣಾಮವೇ ಕಾಣಲಿಲ್ಲ. ನ್ಯೂಜೆರ್ಸಿಯ ಲೆಕ್ಕದಲ್ಲೂ ಯಾವ ಕೌಂಟಿ ಸೇರಿಸಬೇಕು, ಯಾವುದು ಬಿಡಬೇಕು ಅನ್ನುವುದರ ಮೇಲೆ ಉತ್ತರ ಅಲ್ಲಾಡುತ್ತಿತ್ತು. ಏಕನ್, ಬಾರ್ಟೆಲ್ಸ್ ತಮ್ಮ ಮಾತಿಗೇ ನಿಂತರು. ನನ್ನ ಮಟ್ಟಿಗೆ ಶಾರ್ಕ್ ಸೋತಿದೆ.

ನಿಮಗೆ ಸಿಟ್ಟು ಬರುವ ಜಾಗ ಇದು, ನನಗೆ ನಂಬಿಕೆ ಬರುವ ಜಾಗವೂ ಇದೇ. ಟಿವಿಯಲ್ಲಿ ಕೂತವನು ತಪ್ಪಿದರೆ ಮರುದಿನ ಅದೇ ಕುರ್ಚಿಯಲ್ಲಿ ಬೇರೆ ಮಾತು ಹೇಳುತ್ತಾನೆ. ಇಲ್ಲಿ ತಪ್ಪಿದವನ ಹೆಸರು ಹಿಡಿದು ಬರೆಯುತ್ತಾರೆ.

ಮಿಶಿಗನ್ ಅಕ್ಕ

ಬರೀ ತಪ್ಪಲ್ಲ, ಸುಳ್ಳು ಅಂಕಿಯೂ ಸಿಕ್ಕಿಬಿದ್ದಿತ್ತಲ್ಲ? ಸಲಿಂಗ ವಿವಾಹದ ವಿಷಯದಲ್ಲಿ?

ಅಂಕಿಸಂಖ್ಯೆ

ಹೌದು, ಅದು ದೊಡ್ಡ ಹಗರಣ. 2014ರ ಕೊನೆಗೆ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಸಲಿಂಗಿ ಕಾರ್ಯಕರ್ತರು ಮನೆಗೆ ಬಂದು ಇಪ್ಪತ್ತು ನಿಮಿಷ ತಮ್ಮ ಕಥೆ ಹೇಳಿಕೊಂಡರೆ ಜನರ ಮನಸ್ಸು ಬದಲಾಗುತ್ತದೆ, ಒಂಬತ್ತು ತಿಂಗಳಾದರೂ ಹಾಗೇ ಉಳಿಯುತ್ತದೆ ಅಂತ. ಎಲ್ಲರೂ ಖುಷಿಪಟ್ಟರು. ಬ್ರೂಕ್‌ಮನ್, ಕಾಲಾ ಇಬ್ಬರೂ ಆಗ ವಯಸ್ಸಿನಲ್ಲಿ ಚಿಕ್ಕವರು. ನಾವೂ ಇಂಥದ್ದೇ ಮಾಡೋಣ ಎಂದು ಹೊರಟರು. ಆದರೆ ಸಮೀಕ್ಷೆಗೆ ಉತ್ತರ ಕೊಡುವವರು ಅವರಿಗೆ ಅಷ್ಟು ಸಿಗಲೇ ಇಲ್ಲ. ಆ ಸಮೀಕ್ಷೆ ಮಾಡಿದ್ದೆಂದು ಹೇಳಲಾದ ಕಂಪನಿಯನ್ನು ಕೇಳಿದರೆ, ಅಂಥ ಕೆಲಸವನ್ನೇ ನಾವು ಮಾಡಿಲ್ಲ ಎಂದರು. ಪೀಟರ್ ಅರೋನೋ ಜೊತೆ ಸೇರಿ ಅಂಕಿಗಳನ್ನು ಕೆದಕಿದಾಗ ಅವು ಬೇರೊಂದು ಹಳೇ ಸಮೀಕ್ಷೆಯಿಂದ ಎತ್ತಿ ತಿದ್ದಿದ ಹಾಗೆ ಕಂಡವು. 2015ರ ಮೇ ತಿಂಗಳಲ್ಲಿ ಪತ್ರಿಕೆ ಆ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಾರಾಯರು ಗೆದ್ದ ಹಾಗೆ. ಆದರೆ ಅದೇ ಇಬ್ಬರು ತಮ್ಮ ಪ್ರಯೋಗವನ್ನು ಮಯಾಮಿಯಲ್ಲಿ ಪ್ರಾಮಾಣಿಕವಾಗಿ ಮುಗಿಸಿದರು. ವಿಷಯ ಟ್ರಾನ್ಸ್‌ಜೆಂಡರ್ ಜನರ ಮೇಲಿನ ಪೂರ್ವಗ್ರಹ. ಸುಮಾರು ಹತ್ತು ನಿಮಿಷದ ಮಾತು. ಉಪದೇಶ ಇಲ್ಲ. "ನಿಮ್ಮನ್ನು ಯಾರಾದರೂ ಬೇರೆ ತರ ಕಂಡಿದ್ದು ನೆನಪಿದೆಯಾ?" ಎಂಬಂಥ ಪ್ರಶ್ನೆ ಕೇಳಿ ಸುಮ್ನೆ ಕೇಳಿಸಿಕೊಳ್ಳುವುದು. 2016ರಲ್ಲಿ ಫಲಿತಾಂಶ ಬಂತು. ಮನಸ್ಸು ಬದಲಾಗಿತ್ತು. ಮೂರು ತಿಂಗಳಾದರೂ ಉಳಿದಿತ್ತು. ಸುಳ್ಳು ಹಿಡಿದವರೇ ನಿಜವನ್ನೂ ಹಿಡಿದರು.

ಮಂಗಳೂರು ಮಾರಾಯ

ಆಯಿತು, ಈ ಒಂದು ಕಥೆಗೆ ತಲೆಬಾಗಿದೆ. ಶಾರ್ಕಿಗೆ ಅಲ್ಲ.

ಬೆಳಗಾವಿ ಕುಂದಾ

ಪಕ್ಷಗಳು ಇಷ್ಟೆಲ್ಲ ದೂರ ಸರಿದದ್ದಕ್ಕ ಕ್ಷೇತ್ರಗಳ ಗಡಿಯನ್ನು ಬೇಕಾದಂಗ ಎಳೆಯೋದೇ ಕಾರಣ ಅಂತಾರಲ್ರಿ? 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಡ್ಜ್ ಗೆರಿ ಸಹಿ ಹಾಕಿದ ಕ್ಷೇತ್ರವೊಂದು ಸಾಲಮಾಂಡರ್ ಅನ್ನೋ ಹಲ್ಲಿಯಂಥ ಪ್ರಾಣಿ ಹಂಗ ಕಾಣ್ತಿತ್ತಂತ, ಅದಕ್ಕ ಜೆರ್ರಿಮ್ಯಾಂಡರ್ ಅನ್ನೋ ಹೆಸರು.

ಶಿವಮೊಗ್ಗ ಮೇಷ್ಟ್ರು

ಅದರಿಂದ ಸೀಟಿನ ಲೆಕ್ಕ ಏರುಪೇರಾಗುತ್ತದೆ, ಖಂಡಿತ. ಪಕ್ಷಗಳು ದೂರ ಸರಿದದ್ದಕ್ಕೆ ಅದೇ ಮುಖ್ಯ ಕಾರಣ ಅನ್ನಲು ಆಗುವುದಿಲ್ಲ. ಸೆನೆಟ್ ನೋಡಿ. ಅಲ್ಲಿ ಇಡೀ ರಾಜ್ಯವೇ ಕ್ಷೇತ್ರ. ಗಡಿ ಎಳೆಯುವ ಪ್ರಶ್ನೆಯೇ ಇಲ್ಲ. ಆದರೂ ಅಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಇನ್ನೊಂದು, ಡೆಮಾಕ್ರಟರು ದೊಡ್ಡ ನಗರಗಳಲ್ಲಿ ಗುಂಪಾಗಿ ಇದ್ದಾರೆ. ಯಾರೂ ಮೋಸ ಮಾಡದೆ ಗಡಿ ಎಳೆದರೂ ಅವರ ವೋಟು ಕೆಲವೇ ಕ್ಷೇತ್ರಗಳಲ್ಲಿ ರಾಶಿ ಬೀಳುತ್ತದೆ. ಜೋವೆ ಚೆನ್, ಜೊನಾಥನ್ ರಾಡನ್ ಇದನ್ನು ಕಂಪ್ಯೂಟರಿನಲ್ಲಿ ನಕ್ಷೆ ಎಳೆದು ತೋರಿಸಿದ್ದಾರೆ.

ಮಿಶಿಗನ್ ಅಕ್ಕ

ನಮ್ಮ ಊರಿನ ಶಾಲಾ ಮಂಡಳಿ ಚುನಾವಣೆ ಹತ್ತಿರ ಬಂದಿದೆ. ಶನಿವಾರ ನಾನೂ ಬಾಗಿಲು ಬಡಿಯಲು ಹೋಗುತ್ತಿದ್ದೇನೆ. ನಮಗೆ ಕೊಟ್ಟ ಹಾಳೆಯಲ್ಲಿ ಮೂರು ಪ್ರಶ್ನೆ ಇವೆ. ಎಷ್ಟು ಗಂಟೆಗೆ ವೋಟು ಹಾಕಲು ಹೋಗುತ್ತೀರಿ? ಎಲ್ಲಿಂದ ಹೊರಡುತ್ತೀರಿ? ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ? ಇದೇನು ಚಿಕ್ಕ ಮಕ್ಕಳ ಆಟ ಅಂತ ನಕ್ಕಿದ್ದೆ. ಹುಡುಕಿ ನೋಡಿದರೆ ಇದೂ ಪ್ರಯೋಗದಿಂದಲೇ ಬಂದದ್ದು. ಡೇವಿಡ್ ನಿಕರ್ಸನ್, ಟಾಡ್ ರೋಜರ್ಸ್ 2008ರ ಪ್ರೈಮರಿಯಲ್ಲಿ ಸುಮಾರು 2 ಲಕ್ಷ 87 ಸಾವಿರ ಜನರ ಮೇಲೆ ಮಾಡಿದ್ದರು. ಬರೀ "ವೋಟು ಹಾಕಿ" ಎಂದರೆ ಅಷ್ಟೇನೂ ಆಗುವುದಿಲ್ಲ. ಈ ಮೂರು ಪ್ರಶ್ನೆ ಕೇಳಿದರೆ ಮತದಾನ ನಾಲ್ಕು ಅಂಶ ಏರಿತು. ಅದೂ ಮನೆಯಲ್ಲಿ ಒಬ್ಬರೇ ಮತದಾರ ಇದ್ದ ಕಡೆ ಒಂಬತ್ತು ಅಂಶ. ಜಾಸ್ತಿ ಜನ ಇದ್ದ ಮನೆಯಲ್ಲಿ ಏನೂ ಇಲ್ಲ. ಅಲ್ಲಿ ಮನೆಯವರೇ "ಹೋಗೋಣ್ವಾ?" ಎಂದು ಕೇಳಿಕೊಂಡಿರುತ್ತಾರೆ ಅನ್ನಿಸುತ್ತದೆ. ಒಬ್ಬರೇ ಇರುವವರನ್ನು ಕೇಳುವವರು ಯಾರು?

ಹಾಸನದ ಹುಡುಗ

ಅಕ್ಕ, ಆ ಪ್ರಯೋಗ ಯಾವ ರಾಜ್ಯದ್ದು?

ಮಿಶಿಗನ್ ಅಕ್ಕ

ಪೆನ್ಸಿಲ್ವೇನಿಯಾ.

ಹಾಸನದ ಹುಡುಗ

ನಿನ್ನೆ ರಾತ್ರಿ ನಮ್ಮ ಟೀಮಿನವರನ್ನು ಕೇಳಿದೆ. ಅವತ್ತು ಬಂದ ಮೂವರು ಬಾಗಿಲಲ್ಲಿ ನಿಂತು ಏನು ಕೇಳಿದರು ಅಂತ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಇಬ್ಬರು ಏನೋ ಭಾಷಣ ಮಾಡಿದರು, ನೆನಪಿಲ್ಲ. ಒಬ್ಬಳು ಹುಡುಗಿ ಮಾತ್ರ ಎಷ್ಟು ಗಂಟೆಗೆ ಹೋಗ್ತೀರಿ ಅಂತ ಕೇಳಿದಳು. ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವಾಗಲೇ, ಏಳೂವರೆಗೆ, ಅಂದೆ." ಹೋದಿರಾ ಅಂದೆ. "ಏಳೂವರೆಗೇ ಹೋದೆ" ಅಂದರು.